ಮಹಾರಾಜರ ಪಟ ಹಿಡಿದ ಕೈಗಳು

ಬಿಳಿಕೆರೆಯ ನಮ್ಮ ಮನೆಯ ಜಗಲಿಯಲ್ಲಿ ಆ ಸಂಜೆ ಕಂಬಕ್ಕೆ ಒರಗಿ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದವರು ನನ್ನ ಮಾವ. ಅವರ ಪಕ್ಕದಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದವರು ಅತ್ತೆ. ಮೆಟ್ಟಿಲ ಹತ್ತಿರ ನನ್ನ ಯಜಮಾನರು, ಅವರ ಜೊತೆಗೆ ಬಂದಿದ್ದ ಊರ ಶಾಲೆಯ ಮೇಷ್ಟ್ರು. ನಾನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲ ಒಳಗೆ ಕೂತಿದ್ದೆ.

ಮೇಷ್ಟ್ರು ಬಂದದ್ದು ನಮ್ಮ ಗೋಡೆಯ ಮೇಲಿದ್ದ ಮಹಾರಾಜರ ಪಟ ಕೇಳಲು. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬ್ರಿಟಿಷರು ಹೋದರೂ ಮೈಸೂರಿನಲ್ಲಿ ಅರಮನೆ ನೇಮಿಸಿದ ದಿವಾನರದೇ ಆಡಳಿತ. ಜನ ಆರಿಸಿದವರ ಸರ್ಕಾರ ಬೇಕು ಎಂದು ಊರೂರಿನಿಂದ ಮೈಸೂರಿಗೆ ಮೆರವಣಿಗೆ ಹೊರಟಿತ್ತು. ಹುಣಸೂರಿನ ಕಡೆಯವರು ಮಾರನೆಯ ಬೆಳಿಗ್ಗೆ ನಮ್ಮೂರು ಹಾದು ಹೋಗುವವರಿದ್ದರು. ತಮಾಷೆ ನೋಡಿ, ಅಧಿಕಾರ ಬಿಟ್ಟುಕೊಡಿ ಎಂದು ಕೇಳುವುದೂ ಮಹಾರಾಜರನ್ನೇ, ಮುಂದೆ ಹಿಡಿದು ನಡೆಯುವುದೂ ಮಹಾರಾಜರ ಪಟವನ್ನೇ. ನಮ್ಮ ಜನಕ್ಕೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

"ಪಟ ಮುಂದಿದ್ರೆ ಪೋಲೀಸ್ನೋರು ಲಾಠಿ ಎತ್ತಲ್ಲ ದೊಡ್ಡಯ್ಯ. ನಿಮ್ಮ ಮಗನೇ ಹಿಡ್ಕೊಂಡು ಮುಂದೆ ನಡೀಲಿ" ಎಂದರು ಮೇಷ್ಟ್ರು.

ಅತ್ತೆ ಮೊರ ಕೆಳಗಿಟ್ಟರು. ಮಾವ ಹರೆಯದಲ್ಲಿ ಮಹಾರಾಜರ ಕುದುರೆ ದಂಡಿನ ಸವಾರರು. ಮೊದಲ ಮಹಾಯುದ್ಧಕ್ಕೆಂದು ಹಡಗು ಹತ್ತಿ ಈಜಿಪ್ಟಿಗೆ ಹೋದವರು ವರ್ಷಗಟ್ಟಲೆ ಬರಲಿಲ್ಲ. ಆಗ ಅತ್ತೆ ಮೈಸೂರು ಪೇಟೆಯಿಂದ ಈ ಪಟ ತಂದು ದೀಪ ಹಚ್ಚಿ, ಕರಕೊಂಡು ಹೋದವರೇ ತಂದು ಬಿಡಲಿ ಎಂದು ಕೈಮುಗಿದಿದ್ದರಂತೆ. ಅಂದಿನಿಂದ ಅದಕ್ಕೆ ಹೂವು ತಪ್ಪಿರಲಿಲ್ಲ.

"ಇದು ಈಗಿನ ಮಾರಾಜ್ರುದಲ್ಲ ಕಣಪ್ಪ. ಅವರ ದೊಡ್ಡಪ್ಪನೋರ್ದು. ಅವರು ತೀರ್ಕಂಡು ಎಷ್ಟೋ ವರ್ಸ ಆಯ್ತು" ಎಂದರು ಅತ್ತೆ.

"ಯಾರಾದ್ರೇನವ್ವ, ಪೇಟ ಒಂದೇ ಅಲ್ವಾ?"

ಎಲ್ಲರಿಗೂ ನಗು ಬಂತು. ಮಾವ ಮಾತ್ರ ನಗದೆ ಹಗ್ಗ ಬದಿಗಿಟ್ಟರು. "ಎತ್ತುದ್ರೆ?" ಎಂದರು.

"ಏನು ದೊಡ್ಡಯ್ಯ?"

"ಲಾಠಿ. ಪಟ ಕಂಡೂ ಎತ್ತುದ್ರೆ?"

ಮಾವ ತಾವು ಕಂಡದ್ದನ್ನು ಹೇಳತೊಡಗಿದರು. ಈಜಿಪ್ಟಿನ ಕಥೆ ಎಂದರೆ ಮಾವ ಒಂಟೆಯ ಮೊಂಡಾಟ, ಹಡಗಿನ ವಾಂತಿ, ಅಲ್ಲಿಯ ಉಬ್ಬಿದ ರೊಟ್ಟಿ, ಇಷ್ಟೇ ಹೇಳುತ್ತಿದ್ದುದು. ಕೈರೋ ಪಟ್ಟಣದ ಮಾತು ಅವರ ಬಾಯಿಂದ ಬಂದದ್ದು ಅಂದೇ ಮೊದಲು. ಯುದ್ಧ ಮುಗಿದು, ಊರಿಗೆ ಬರುವ ಹಡಗಿಗೆ ಕಾಯುತ್ತಿದ್ದ ಕಾಲವಂತೆ. ಅಲ್ಲಿಯ ಜನರ ಮುಖಂಡನನ್ನು ಬ್ರಿಟಿಷರು ಹಿಡಿದು ದೂರದ ದ್ವೀಪಕ್ಕೆ ಸಾಗಿಸಿದರು. ಅವನನ್ನು ಬಿಡಿ, ನಮ್ಮ ದೇಶ ನಮಗೆ ಬಿಡಿ ಎಂದು ಕಾಲೇಜಿನ ಹುಡುಗರು, ಲಾಯರುಗಳು, ಕೂಲಿಯವರು ಬೀದಿಗಿಳಿದರು. ಟ್ರಾಮು ನಿಂತಿತು, ಅಂಗಡಿ ಮುಚ್ಚಿತು. ಒಂದೇ ಬಾವುಟದಲ್ಲಿ ಅರ್ಧಚಂದ್ರ, ಶಿಲುಬೆ ಎರಡೂ ಇದ್ದವಂತೆ. ಅವರನ್ನು ತಡೆಯಲು ಬೀದಿಗೆ ಅಡ್ಡ ನಿಲ್ಲಿಸಿದ್ದ ಕುದುರೆಗಳಲ್ಲಿ ಮಾವನದೂ ಒಂದು.

"ಅವರ ಮಾತು ನಂಗೆ ಬರಾಕಿಲ್ಲ. ಏನ್ ಕೇಳ್ತಾವ್ರೆ ಅನ್ನೋದು ಮಾತ್ರ ಗೊತ್ತಾಯ್ತಿತ್ತು" ಎಂದರು ಮಾವ. "ಮುಂದುಗಡೆ ಒಬ್ಬ ಹುಡ್ಗ ಬಾವುಟಾನ ಎರಡು ಕೈಲೂ ಇಡ್ಕಂಡಿದ್ದ. ಪಕ್ಕದ ಸಾಲಿನ ಕುದುರೆಗಳು ನುಗ್ಗುದ್ವು. ಹಿಂದಕ್ಕೋಡಾನ ಅಂದ್ರೆ ಬೆನ್ನಿಗೆ ಜನ. ಏಟಿಗೆ ಕೈ ಅಡ್ಡ ಕೊಡಾನ ಅಂದ್ರೆ ಬಾವುಟ ಬೀಳ್ತದೆ. ಅವನು ಬಾವುಟ ಬೀಳಿಸ್ಲಿಲ್ಲ."

ಆ ಹುಡುಗ ಏನಾದ ಎಂದು ಯಾರೂ ಕೇಳಲಿಲ್ಲ.

"ಇದು ಬಾವುಟಕ್ಕಿಂತ ಭಾರ, ಮೇಲೆ ಗಾಜು ಬೇರೆ. ಇವನ ಎರಡು ಕೈನೂ ಇದಕ್ಕೇ ಸರಿ ಓಯ್ತವೆ. ತಲೆಗೆ ಏಟು ಬಂದ್ರೆ ಯಾವ ಕೈಲಿ ತಡೀತಾನೆ, ಯೋಳು."

ನಾನು ಮಗುವನ್ನು ಎದೆಗೆ ಒತ್ತಿಕೊಂಡೆ. ಯಜಮಾನರು ತಲೆಯೆತ್ತಿದರು. "ಅಂಗಂತ ಮನೇಲಿ ಕೂರಕಾಯ್ತದಾ ಅಪ್ಪ?"

"ಕೂರು ಅಂದ್ನೇನ್ಲಾ ನಾನು?"

ಮೇಷ್ಟ್ರು ಮೆಲ್ಲಗೆ ಕೇಳಿದರು: "ಕೊನೆಗೆ ಅವರಿಗೆ ಸಿಕ್ತಾ ದೊಡ್ಡಯ್ಯ, ಕೇಳಿದ್ದು?"

"ಪೇಪರ್ ಓದೋನು ನೀನು, ನನ್ನ ಕೇಳ್ತೀಯಲ್ಲ. ರಾಜ ಅಂತ ಒಬ್ಬ ಬಂದ. ಇಂಗ್ಲೀಷ್ನೋರ ಪಟಾಲಂ ಓಗ್ಲಿಲ್ಲ. ಇನ್ನೂ ಕೇಳ್ತಾನೇ ಅವ್ರೆ."

ಮೇಷ್ಟ್ರು ಪೇಪರು ತಂದಾಗಲೆಲ್ಲ ಮಾವ ಈಜಿಪ್ಟಿನ ಸುದ್ದಿ ಇದೆಯೇ ಎಂದು ವಿಚಾರಿಸುತ್ತಿದ್ದರು. ಮುದುಕನಿಗೆ ಒಂಟೆಯ ಮೇಲೆ ಆಸೆ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಅವರು ಇಷ್ಟು ವರ್ಷ ವಿಚಾರಿಸುತ್ತಿದ್ದುದು ಎದುರಿಗೆ ನಿಂತಿದ್ದ ಆ ಜನರ ಯೋಗಕ್ಷೇಮವನ್ನು ಎಂಬುದು ನನಗೆ ಹೊಳೆದದ್ದು ಆವಾಗ.

ಅತ್ತೆ ಕೇಳಿದರು: "ಎಂಗಸ್ರು ಬಂದಿದ್ರಾ ಅಲ್ಲಿ?"

"ಬಂದಿದ್ರು. ಕಪ್ಪು ಬಟ್ಟೇಲಿ ಮುಖ ಮುಚ್ಕಂಡು, ಸಾಲಾಗಿ."

"ನಾನು ಮುಖ ಬುಟ್ಕಂಡೇ ಬತ್ತೀನಿ ಬುಡಿ." ಒಳಗೆ ಹೋಗಿ ಪಟ ಇಳಿಸಿ ತಂದು, ಒಂದು ಅಂಚನ್ನು ಮಾವನ ಕೈಗೆ ಕೊಟ್ಟರು. "ನೀವೊಂದು ಕಡೆ, ನಾನೊಂದು ಕಡೆ. ಇಬ್ರಿಗೂ ಒಂದೊಂದು ಕೈ ಮಿಗ್ತದೆ."

"ನಿಂಗ್ಯಾಕೆ ಇದೆಲ್ಲಾ? ಭಾರ ಅದೆ."

"ದಿನಾ ಇಳಿಸಿ ಒರ್ಸೋಳು ನಾನು. ಇದರ ಭಾರ ನಿಮಗೇನು ಗೊತ್ತು?"

ಮಾವ ಮಗನ ಕಡೆ ತಿರುಗಿದರು. "ನಮ್ಮ ಹಿಂದೆ ಬಾ. ಎರಡು ಕೈನೂ ಬುಡುವಾಗಿರ್ಲಿ."

ಬೆಳಿಗ್ಗೆ ರಸ್ತೆಯಲ್ಲಿ ಜಯಕಾರ ಕೇಳಿದಾಗ ಇಬ್ಬರೂ ಪಟ ಹಿಡಿದು ಹೊರಟರು. ಮಾವನದು ದಂಡಿನ ದಾಪುಗಾಲು, ಅತ್ತೆಯದು ಪುಟ್ಟ ಹೆಜ್ಜೆ. "ಮೆತ್ತಗೆ ನಡೀರಿ, ಮಾರಾಜ್ರು ವಾಲ್ತಾವ್ರೆ!" ಎಂದು ಅತ್ತೆ ಗದರಿದ್ದು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು. ಯಜಮಾನರು ಬರಿಗೈಯಲ್ಲಿ ಅವರ ಹಿಂದೆ ನಡೆದರು.

ದಾರಿಯಲ್ಲಿ ಒಂದು ಕಡೆ ಪೋಲೀಸರು ಅಡ್ಡ ನಿಂತರು. ಪಟ ಕಂಡೂ ಲಾಠಿ ಎತ್ತಿದರು. ಅತ್ತೆ ಮಿಕ್ಕಿದ್ದ ಬಲಗೈಯನ್ನು ತಲೆಗೆ ಅಡ್ಡ ಹಿಡಿದರು, ಏಟು ಅದರ ಮೇಲೆ ಬಿತ್ತು. ಯಜಮಾನರು ಅವರಿಬ್ಬರನ್ನೂ ತೋಳು ಹಿಡಿದು ರಾಗಿ ಹೊಲಕ್ಕೆ ಎಳೆದುಕೊಂಡರಂತೆ. ಕತ್ತಲಾಗುವುದರೊಳಗೆ ಮೂವರೂ ಮನೆಗೆ ಬಂದರು. ಅತ್ತೆಯ ಬಲಗೈಯಲ್ಲಿ ಒಂದು ಬಳೆಯೂ ಉಳಿದಿರಲಿಲ್ಲ. ಪಟ ಎಡಗೈಯಲ್ಲೇ ಇತ್ತು.

ಜನರ ಸರ್ಕಾರಕ್ಕೆ ಅರಮನೆ ಒಪ್ಪಿತು ಎಂಬ ಸುದ್ದಿಯನ್ನು ದಸರೆಗೆ ಮುಂಚೆ ಮೇಷ್ಟ್ರು ಪೇಪರು ಬೀಸುತ್ತಾ ತಂದರು. ಮಾವ ಪೂರ್ತಿ ಓದಿಸಿ ಕೇಳಿ, "ಈಜಿಪ್ಟಿಂದು ಏನಾರ ಅದಾ ನೋಡು" ಎಂದರು. ಮೇಷ್ಟ್ರು ಹಾಳೆ ತಿರುವಿ ನೋಡಿ ಇಲ್ಲವೆಂದರು.

ಏಟು ಬಿದ್ದ ಕೈಯ ಊತ ಅಷ್ಟರಲ್ಲಿ ಇಳಿದಿತ್ತು; ಅತ್ತೆ ಬಳೆಗಾರನನ್ನು ಕರೆಸಿ ಬಲಗೈಗೆ ಹಸಿರು ಬಳೆ ತೊಡಿಸಿಕೊಂಡರು. ಆಮೇಲೆ ಪಟ ಒರೆಸಿ ಗೋಡೆಗೆ ತಗುಲಿಹಾಕಿದರು.