ಎಂಜಿನ್ನಿನ ಹಳದಿ ಉರಿ

ಹೋದ ವಾರ ನಾನು ಓಡುವ ಕಾರಿನ ಎಂಜಿನ್ನಿನೊಳಗೆ ಇಣುಕಿದೆ. ಗಾಬರಿಯಾಗಬೇಡಿ, ಫೋನಿನಲ್ಲಿ.

ಯಾರೋ ಪುಣ್ಯಾತ್ಮರು ಎಂಜಿನ್ನಿನ ಲೋಹದ ಮುಚ್ಚಳ ತೆಗೆದು, ಗಾಜಿನಂಥದ್ದು ಕೂರಿಸಿ ವಿಡಿಯೊ ಮಾಡಿದ್ದರು. ಪಿಸ್ಟನ್ ಮೇಲೆ ಬರುತ್ತದೆ, ಕಿಡಿ ಹಾರುತ್ತದೆ, ಭಗ್ಗೆಂದು ಬೆಂಕಿ, ಪಿಸ್ಟನ್ ಕೆಳಗೆ. ಗಾಳಿ ಸರಿಯಾಗಿ ಸಿಕ್ಕರೆ ಉರಿ ನೀಲಿ. ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಹಳದಿ, ಗಾಜಿಗೆಲ್ಲ ಮಸಿ.

ಅಯ್ಯೋ, ಇದು ನನ್ನ ಗ್ಯಾಸ್ ಒಲೆಯೇ ಅಲ್ಲವೇ? ಬರ್ನರ್ ಕಟ್ಟಿಕೊಂಡ ದಿನ ಹಳದಿ ಉರಿ ಬಂದು ಪಾತ್ರೆ ತಳ ಕಪ್ಪಾಗುವುದನ್ನು ಎಷ್ಟೋ ಸಲ ನೋಡಿದವಳು ನಾನು.

"ಹೋಳಗಿ ವಿಡಿಯೊ ಬಿಟ್ಟು ಇದೇನ ಹಚ್ಚಿ?" ಎಂದರು ನಮ್ಮ ಯಜಮಾನರು. ಹೋಳಿಗೆಯನ್ನು ನಾನು ವಿಡಿಯೊ ನೋಡಿ ಕಲಿತೆನೇ?

ರವಿವಾರ ಖಾನಾಪುರದಲ್ಲಿ ತಂಗಿಯ ಮಗಳ ಕುಬಸ, ಅಂದರೆ ಸೀಮಂತ. ಶಿವಬಸವ ನಗರದ ನಮ್ಮ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಬಿಸಿ ಹೋಳಿಗೆಯ ಡಬ್ಬಿ ಹಿಂದಿನ ಸೀಟಿನಲ್ಲಿಟ್ಟು ಸ್ಟೇರಿಂಗ್ ಹಿಡಿದೆ. (ಲೈಸನ್ಸ್ ಬಂದು ಒಂದು ತಿಂಗಳೂ ಆಗಿಲ್ಲ.) ಕಾರು ಮಾವನವರ ಕಾಲದ್ದು. ಪಕ್ಕದಲ್ಲಿ ಯಜಮಾನರು, ಇಲ್ಲದ ಬ್ರೇಕನ್ನು ತುಳಿಯುತ್ತ.

ದೇಸೂರ ದಾಟುತ್ತಿದ್ದಂತೆ ಕಾರು ಕೆಮ್ಮಿತು. ಹಿಂದೆ ಕರೀ ಹೊಗೆ. ಒಂದು ಚಹಾದಂಗಡಿ ಮುಂದೆ ನಿಂತೇಬಿಟ್ಟಿತು. ನೆರಳಿನಲ್ಲೇ ನಿಂತಿತಲ್ಲ, ಅದೇ ದೇವರ ದಯೆ!

ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ಹೆಂಗಸು ಕಾರು ನಿಲ್ಲಿಸಿದರೆ ಅವರಿಗೆ ಬೇರೆ ಕೆಲಸವಿರುತ್ತದೆಯೇ?

"ವೈನಿ, ಕ್ಲಚ್ ಸುಟ್ಟೀರಿ ನೋಡ್ರಿ," ಎಂದ ಒಬ್ಬ, ನನ್ನನ್ನು ಅತ್ತಿಗೆ ಮಾಡಿಕೊಂಡು.

ಯಜಮಾನರು ಕೈ ಚಾಚಿದರು. "ಕೊಡ ಇಲ್ಲೆ ಕೀಲಿ. ಇನ್ನ ಮ್ಯಾಲೆ ನೀ ಗಾಡಿ ಮುಟ್ಟಬ್ಯಾಡ."

ಎಲ್ಲರೆದುರು ಹೇಳಿದರಲ್ಲ, ನನಗೆ ರೇಗಿತು. ಇವತ್ತು ಕೊಟ್ಟರೆ ಆ ಕೀಲಿ ಮತ್ತೆ ನನ್ನ ಕೈಗೆ ಬರುವುದಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡೆ.

"ಕ್ಲಚ್ ಸುಟ್ಟರ ಕರೀ ಹೊಗಿ ಬರತೈತೇನ್ರಿ? ಒಳಗ ಉರಿ ಹಳದಿ ಆಗೇತಿ. ಗಾಳಿ ಸಾಲವಲ್ದು."

"ಒಳಗ ಹೊಕ್ಕು ನೋಡಿ ಬಂದ್ರೇನ್ರಿ?" ಇನ್ನೊಬ್ಬ ಕೇಳಿದ. ನಗೆ ಎದ್ದಿತು.

"ಹೌದ್ರಿ. ನೋಡೇನಿ."

ಬಾನೆಟ್ ಎತ್ತಿದೆ. ಎಂಜಿನ್ನಿಗೆ ಗಾಳಿ ಎಳೆದುಕೊಳ್ಳಲು ಒಂದು ಕೊಳವೆ ಇರುತ್ತದೆ, ಅದರ ಮೂಗು ಎಂದುಕೊಳ್ಳಿ. ಆ ಮೂಗಿಗೆ ಕೆಂಪು ಬಟ್ಟೆಯ ಗಂಟೊಂದು ಗಪ್ಪನೆ ಅಂಟಿಕೊಂಡಿತ್ತು! ಮೊನ್ನೆ ಅಮಾವಾಸ್ಯೆಗೆ ಕಾರಿಗೆ ಪೂಜೆ ಮಾಡಿ ಯಜಮಾನರೇ ಬಾನೆಟ್ಟಿನೊಳಗೆ ಕಟ್ಟಿದ್ದು. ದಾರ ಸಡಿಲಾಗಿ ಜಾರಿದೆ. ಬಟ್ಟೆಗೆ ಬೆಂಕಿ ತಗಲಲಿಲ್ಲ, ಅದು ಇನ್ನೊಂದು ದಯೆ.

ಕೈ ಹಾಕಿದೆ.

"ಏ, ತಗೀಬ್ಯಾಡ! ಪೂಜಿ ಮಾಡಿದ್ದು ಐತಿ!"

"ದೇವರು ಉಸರ ಕಟ್ಟಸು ಅಂದಾನೇನ್ರಿ?"

ಕಿತ್ತು, ಕಣ್ಣಿಗೊತ್ತಿಕೊಂಡು, ಚೀಲದಲ್ಲಿಟ್ಟೆ. ಸೆರಗಿನಿಂದ ಕೀಲಿ ಬಿಚ್ಚಿ ತಿರುಗಿಸಿದೆ. ಎರಡು ಸಲ ಕೆಮ್ಮಿ, ಉಳಿದ ಮಸಿ ಉಗುಳಿ, ಕಾರು ಗುರ್ ಎಂದಿತು.

"ವೈನಿ ಖರೇನ ಅಂದ್ರಪಾ," ಎಂದ ಕ್ಲಚ್ಚಿನವನು. ಚಹಾ ಕುಡಿದು ಹೋಗಿ ಎಂದೂ ಕರೆದ. ಹೋಳಿಗೆ ಆರುತ್ತದೆ ಎಂದು ಹೊರಟೆ.

ನನಗೆ ದೇವರ ಮೇಲೆ ನಂಬಿಕೆ ಕಡಿಮೆಯಾಗಿಲ್ಲ. ಎಲ್ಲೋ ಕತ್ತಲಲ್ಲಿ, ಮುಚ್ಚಳದ ಕೆಳಗೆ, ಒಂದರ ಹಿಂದೊಂದು ಬೆಂಕಿ ಹೊತ್ತಿ ನಮ್ಮನ್ನು ಊರು ಮುಟ್ಟಿಸುತ್ತದಲ್ಲ, ಅದನ್ನು ಕಂಡ ಮೇಲೆ ಇನ್ನಷ್ಟು ಕೈ ಮುಗಿಯುವಂತಾಗುತ್ತದೆ. ಆದರೆ ಕೈ ಮುಗಿಯುವವಳು ಬಾನೆಟ್ ಎತ್ತಬಾರದು ಎಂದು ಯಾವ ದೇವರು ಹೇಳಿದ್ದಾನೆ?

ಖಾನಾಪುರ ಹತ್ತಿರ ಬಂದಾಗ ಕೇಳಿದೆ, "ಅಲ್ರೀ, ಇಷ್ಟ ವರ್ಷ ಕಟ್ಟಲಿಲ್ಲ. ಈ ಅಮಾಸಿಗೆ ಯಾಕ ಕಟ್ಟಿದ್ರಿ?"

ಅವರು ಕಿಟಕಿಯಾಚೆ ನೋಡಿದರು. "ನೀ ಗಾಡಿ ಹೊಡ್ಯಾಕ ಹತ್ತೀಯಲ್ಲ... ಅದಕ್ಕ."

ಈಗ ನೀವೇ ಹೇಳಿ. ಆ ಗಂಟು ಕಟ್ಟಿದ್ದು ನನ್ನನ್ನು ಕಾಯಲೋ, ನನ್ನಿಂದ ಕಾರನ್ನು ಕಾಯಲೋ?