ಸದ್ದಿಲ್ಲದ ಅಂಗನವಾಡಿ

ನನ್ನ ಗಂಡ ತೀರಿಕೊಂಡ ಹದಿಮೂರನೇ ದಿನ ನಾನು ಅಂಗನವಾಡಿಯ ಬೀಗ ತೆಗೆದೆ. ನಮ್ಮದು ಅಜ್ಜೀಪುರದ ಹತ್ತಿರದ ಸಣ್ಣ ಊರು. ಅವರು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತರು, ಏಳಲಿಲ್ಲ. ನಮಗೆ ಮಕ್ಕಳಿಲ್ಲ. ರಜೆ ಬೇಕೇ ಎಂದು ಮೇಲ್ವಿಚಾರಕಿ ಫೋನಿನಲ್ಲಿ ಕೇಳಿದ್ದರು. ಬೇಡ ಎಂದಿದ್ದೆ. ಮನೆಯಲ್ಲಿದ್ದು ಏನು ಮಾಡುವುದೆಂದು ಗೊತ್ತಿರಲಿಲ್ಲ.

ಅದಕ್ಕೂ ಮುಂಚೆ ನಮ್ಮ ಅಂಗನವಾಡಿಯ ಸದ್ದು ರಸ್ತೆಗೆ ಕೇಳುತ್ತಿತ್ತು. ಮಕ್ಕಳು ಹುಣಸೆ ಬೀಜ ಗುಡ್ಡೆ ಹಾಕಿ ಎಣಿಸುತ್ತಿದ್ದವು, ಮಣ್ಣು ಕಲಸಿ ರೊಟ್ಟಿ ತಟ್ಟುತ್ತಿದ್ದವು, ನಾನು ಹಾಡಿದರೆ ಕುಣಿಯುತ್ತಿದ್ದವು. ಆ ವಯಸ್ಸಿಗೆ ಕೈ ಪಳಗಬೇಕು, ಬಾಯಿ ಬಿಡಬೇಕು, ಅಕ್ಷರ ಆಮೇಲೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹತ್ತಾರು ವರ್ಷ ಮಕ್ಕಳನ್ನು ನೋಡಿದ ಮೇಲೆ ನನಗೂ ಅದು ನಿಜ ಅನ್ನಿಸಿತ್ತು.

ಹದಿಮೂರನೇ ದಿನ ಹಾಡಲು ನಿಂತೆ, ಗಂಟಲಿನಿಂದ ಏನೂ ಹೊರಡಲಿಲ್ಲ. ಪೆಟ್ಟಿಗೆಯಲ್ಲಿದ್ದ ಸ್ಲೇಟುಗಳನ್ನು ಹಂಚಿದೆ. ಬೋರ್ಡಿನ ಮೇಲೆ ಅ, ಆ ಬರೆದೆ. ಬರೀರಿ ಎಂದೆ. ಬರೆದವು. ಅಳಿಸಿ ಮತ್ತೆ ಬರೀರಿ ಎಂದೆ. ಮಾರನೇ ದಿನವೂ ಅದೇ ಆಯಿತು. ಯಾರನ್ನೂ ಹೊಡೆಯಲಿಲ್ಲ, ಗದರಲಿಲ್ಲ. ಕುರ್ಚಿಯ ಮೇಲೆ ಕೂತಿರುತ್ತಿದ್ದೆ. ನನ್ನ ಮುಖ ನೋಡಿಯೇ ಮಕ್ಕಳು ಸುಮ್ಮನಾದವು. ಒಂದು ತಿಂಗಳಾಗುವಷ್ಟರಲ್ಲಿ ಬಳಪದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಊರಿನವರಿಗೆ ಇದು ಬಹಳ ಹಿಡಿಸಿತು.

"ಈಗ ನೋಡಮ್ಮಿ, ಇದು ಇಸ್ಕೂಲು ಅಂದ್ರೆ. ಮೊದ್ಲು ಸಂತೆ ಇದ್ದಂಗಿತ್ತು," ಎಂದು ಒಬ್ಬ ತಾಯಿ ಬಾಗಿಲಲ್ಲಿ ಇನ್ನೊಬ್ಬಳಿಗೆ ಹೇಳಿದಳು. ಹಿಪ್ಪುನೇರಳೆ ತೋಟವಿದ್ದ ರೈತರೊಬ್ಬರು, ಹನೂರಿನ ಕಾನ್ವೆಂಟ್ ವ್ಯಾನಿಗೆ ಹತ್ತಿಸಬೇಕೆಂದಿದ್ದ ಮಗನನ್ನು ನನ್ನ ಹತ್ತಿರವೇ ಉಳಿಸಿದರು. ನಾನು ಸತ್ತಂತೆ ಕೂತಿದ್ದನ್ನು ಅವರೆಲ್ಲ ಶಿಸ್ತು ಎಂದುಕೊಂಡರು. ಅಲ್ಲ ಎಂದು ಹೇಳುವ ಶಕ್ತಿ ನನಗಿರಲಿಲ್ಲ.

ನಾಲ್ಕು ವರ್ಷದ ಒಂದು ಹುಡುಗಿ ಇದ್ದಳು. ತಾಯಿ ಪಾಲಾರಿನ ಆಚೆ ಕಡೆಯವಳು, ಮನೆಯಲ್ಲಿ ತಮಿಳು. ನನ್ನ ಹತ್ತಿರ ಸೇರಿದಾಗ ಆ ಮಗುವಿಗೆ ಕನ್ನಡದ ಒಂದು ಮಾತೂ ಬರುತ್ತಿರಲಿಲ್ಲ. ಹಾಡಿನಲ್ಲಿ, ಆಟದಲ್ಲಿ ಒಂದೊಂದೇ ಮಾತು ಹಿಡಿದು, ಎರಡೂ ಭಾಷೆ ಕಲಸಿ ವಟವಟ ಅನ್ನುವಂತಾಗಿದ್ದಳು. ಒಂದು ಸಂಜೆ ಅವಳ ತಾಯಿ ಬಂದು ನಿಂತಳು.

"ಮಿಸ್, ಪಾಪ ಪೇಸಲ್ಲ," ಎಂದಳು. ಮಗು ಮಾತಾಡುವುದಿಲ್ಲ ಎಂದು. "ಮನೇಲೂ ಇಲ್ಲ, ತಮಿಳೂ ಇಲ್ಲ. ಸೋರು, ಅನ್ನ ಬೇಕಂದ್ರೂ ತಟ್ಟೆ ತೋರುಸ್ತಾಳೆ. ಯಾರಾದ್ರೂ ಬೈದ್ರಾ ಮಿಸ್?"

"ಯಾರೂ ಬೈದಿಲ್ಲ," ಎಂದೆ. ಅದು ಸುಳ್ಳಲ್ಲ. ಆದರೆ ಕಾರಣ ನಾನೇ ಎಂದು ಗೊತ್ತಿತ್ತು. ಗೊತ್ತಿದ್ದೂ ಮಾರನೇ ದಿನ ಸ್ಲೇಟು ಹಂಚಿದೆ.

ಆ ವಾರವೇ ಮೇಲ್ವಿಚಾರಕಿ ಬಂದರು. ಯಳಂದೂರಿನ ಕಡೆಯವರು, ನನಗಿಂತ ಸ್ವಲ್ಪ ದೊಡ್ಡವರು. ಬಾಗಿಲಲ್ಲೇ ನಿಂತು ಒಂದು ನಿಮಿಷ ಕೇಳಿಸಿಕೊಂಡರು. ರಿಜಿಸ್ಟರ್ ಕೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಆ ಹುಡುಗಿಯ ಪಕ್ಕ ನೆಲದ ಮೇಲೆ ಕೂತರು. "ಏನ್ ಬರ್ದೆ ಪುಟ್ಟಿ?" ಎಂದರು. ಅವಳು ಸ್ಲೇಟು ತೋರಿಸಿದಳು, ಅಷ್ಟೇ.

ಮಕ್ಕಳು ಹೋದ ಮೇಲೆ ನನ್ನ ಎದುರು ಕೂತರು.

"ನೀವು ರಜ ಬ್ಯಾಡ ಅಂದ್ರಿ, ನಾನೂ ಸರಿ ಅಂದ್ಬುಟ್ಟೆ. ಬಂದು ನೋಡ್ಬೇಕಾಗಿತ್ತು. ತಪ್ಪು ನಂದು," ಎಂದರು.

"ಹಾಡಕ್ಕಾಯ್ತಿಲ್ಲ ಮೇಡಂ."

"ಹಾಡ್ಬೇಡಿ. ಮಂಗಳವಾರ ಮಂಗಳವಾರ ನಾನ್ ಬತ್ತೀನಿ. ಮಿಕ್ಕಿದ್ ದಿನ ಆಯಮ್ಮ ಹಾಡ್ಲಿ. ನೀವು ಮಕ್ಕಳ ಜೊತೆ ಕೆಳಗೆ ಕೂತ್ಕಳಿ ಸಾಕು. ಕುರ್ಚಿ ಮೇಲಲ್ಲ."

ಅಡುಗೆ ಮಾಡುತ್ತಿದ್ದ ಆಯಮ್ಮ ಒಳಗಿನಿಂದಲೇ ಹೇಳಿದಳು: "ನಾನ್ ಹಾಡುದ್ರೆ ಮಕ್ಕಳಲ್ಲ, ಎಮ್ಮೆನೂ ಹಗ್ಗ ಕಿತ್ಕಂಡು ಓಯ್ತದೆ ಮೇಡಂ."

"ಓಗ್ಲಿ ಬುಡಿ, ಎಮ್ಮೆ ನಮ್ ದಾಖಲಾತಿಲಿಲ್ಲ," ಎಂದರು ಅವರು.

ಹೇಳಿದಂತೆ ಮಂಗಳವಾರ ಬಂದರು. ಅವರಿಗೂ ರಾಗವಿರಲಿಲ್ಲ. ಮಕ್ಕಳಿಗೆ ಅದೇ ನಗು. ನಾನು ಕೆಳಗೆ ಕೂತು ಬೀಜ ಹಂಚುತ್ತಿದ್ದೆ. ಹುಡುಗಿ ಬೀಜಗಳನ್ನು ಸಾಲಾಗಿ ಇಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಸದ್ದು ಶುರುವಾದದ್ದು ಕೇಳಿ ತೋಟದ ರೈತರು ಬಂದರು. "ಏನ್ ಮೇಡಂ, ನಮ್ ಐಕ ಅಕ್ಷರ ತಿದ್ದುತಿದ್ದ. ಮತ್ತೆ ಕುಣ್ಸಕ್ಕೆ ಹಚ್ಚುಬುಟ್ರಾ?"

"ನೀವು ರೇಷ್ಮೆ ಮೇಯ್ಸೋರು ಅಲ್ವಾ? ಚಾಕಿ ಹುಳಕ್ಕೆ ಎಂಥ ಸೊಪ್ಪು ಆಕ್ತೀರಿ?" ಎಂದರು ಮೇಲ್ವಿಚಾರಕಿ.

"ಎಳೆದು. ಸಣ್ಣಕ್ ಕತ್ರಿಸಿ. ಈಗ ತಾನೇ ಮೊಟ್ಟೆ ಒಡ್ದಿರ್ತದೆ, ಬಲಿತಿದ್ ಆಕುದ್ರೆ ತಿಂದದಾ ಅದು?"

"ಆಕಿದ್ರೆ?"

"ಗೂಡು ಬರಲ್ಲ."

"ಅಷ್ಟೇ ಕಣ್ರಿ ಇದೂವೆ."

ರೈತರು ತಲೆ ಕೆರೆದುಕೊಂಡರು. "ಹುಳದ್ ಮಾತು ಸರಿ ಮೇಡಂ. ಮಕ್ಳು ಹುಳ ಅಲ್ವಲ್ಲ," ಎಂದು ಹೋದರು. ಮುಂದಿನ ವಾರ ಅವರ ಮಗ ಟೈ ಕಟ್ಟಿಕೊಂಡು ವ್ಯಾನು ಹತ್ತಿದ. ಅವನ ಹಿಂದೆ ಇನ್ನಿಬ್ಬರು ಹೋದರು. ಮಕ್ಕಳು ಕಮ್ಮಿಯಾದರೆ ಮೇಲಿನವರು ಮೊದಲು ಕೇಳುವುದು ಮೇಲ್ವಿಚಾರಕಿಯನ್ನೇ. ಅವರು ಆ ಮಾತನ್ನು ನನ್ನ ಹತ್ತಿರ ಎತ್ತಲಿಲ್ಲ.

ಐದನೆಯದೋ ಆರನೆಯದೋ ಮಂಗಳವಾರ ಅವರ ಬಸ್ಸು ಹೊತ್ತಿಗೆ ಬರಲಿಲ್ಲ. ಆಯಮ್ಮ ನೀರಿಗೆ ಹೋಗಿದ್ದಳು. ಮಕ್ಕಳು ಸುತ್ತ ಕೂತು ನನ್ನನ್ನೇ ನೋಡುತ್ತಿದ್ದವು. ಸ್ಲೇಟಿನ ಪೆಟ್ಟಿಗೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಹಾಡು ಬರಲಿಲ್ಲ, ಕತೆಯೂ ನೆನಪಾಗಲಿಲ್ಲ. ಆ ಬೆಳಿಗ್ಗೆ ಆದದ್ದನ್ನೇ ಹೇಳಿದೆ. ನನ್ನ ಗಂಡನನ್ನು ಮಕ್ಕಳು ಮಾಮ ಎನ್ನುತ್ತಿದ್ದವು.

"ಇವತ್ತು ನಾನು ಒಂದು ಹಂಡೆ ನೀರು ಕಾಯ್ಸಿದೆ," ಎಂದೆ. "ಮಾಮನಿಗೆ ಸ್ನಾನಕ್ಕೆ. ಕಾದ ಮೇಲೆ ಕೂಗಿದೆ. ಆಮೇಲೆ ನೆನಪಾಯ್ತು, ಮಾಮ ಇಲ್ಲ ಅಂತ."

"ಸತ್ತೋದ್ರು," ಎಂದ ಒಬ್ಬ.

"ಹೂಂ. ಸತ್ತೋದ್ರು."

"ನಮ್ ಮೇಕೆನೂ ಸತ್ತೋಯ್ತು. ಹೊಟ್ಟೆ ಉಬ್ಬರ ಬಂದು."

ಇನ್ನೊಬ್ಬಳು ತನ್ನ ಅಜ್ಜಿಯ ವಿಷಯ ಹೇಳಿದಳು. ಯಾರಿಗೂ ದುಃಖವಿರಲಿಲ್ಲ, ಹೇಳುವ ಅವಸರವಿತ್ತು. ನಾನು ಕೇಳುತ್ತಿದ್ದೆ. ಆಗ ನನ್ನ ಮೊಣಕಾಲಿನ ಹತ್ತಿರ ಒಂದು ಸಣ್ಣ ದನಿ ಬಂತು.

"ತಣ್ಣಿ ಆರೋಯ್ತಾ?"

ಆ ಹುಡುಗಿ. ತಮಿಳಿನಲ್ಲಿ ತಣ್ಣಿ ಎಂದರೆ ನೀರು. ನಾನು ತಿರುಗಿ ನೇರವಾಗಿ ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಬೀಜಗಳನ್ನೇ ನೋಡುತ್ತಾ ಹೇಳಿದೆ.

"ಆರೋಯ್ತು."

"ಚೆಲ್ಬುಟ್ಟಾ ಮಿಸ್?"

"ಇಲ್ಲ. ಬಟ್ಟೆ ಒಗ್ದೆ."

"ಯಾರ್ ಬಟ್ಟೆ?"

"ನಂದು. ಆಮೇಲೆ ಮಾಮಂದೊಂದು ಅಂಗಿ ಇತ್ತು. ಅದ್ನೂ."

"ಒಣಗ್ತಾ?"

"ಗೊತ್ತಿಲ್ಲ. ಸಂಜೆ ನೋಡ್ಬೇಕು."

ಅವಳ ಪ್ರಶ್ನೆಗಳು ಮುಗಿಯಲಿಲ್ಲ. ಹಂಡೆ ಎಷ್ಟು ದೊಡ್ಡದು, ಬೆಂಕಿಗೆ ಏನು ಹಾಕಿದೆ, ಹೊಗೆ ಬಂತೇ. ಒಂದು ಮಾತು ತಮಿಳು, ಒಂದು ಕನ್ನಡ. ಮೇಲ್ವಿಚಾರಕಿ ಯಾವಾಗಲೋ ಬಂದು ಮಕ್ಕಳ ಹಿಂದೆ ಕೂತಿದ್ದರು. ನಾನು ಎದ್ದು ಜಾಗ ಬಿಡಲು ನೋಡಿದೆ. ಅವರು ಬೇಡ ಎಂದು ಕೈ ಮಾಡಿದರು.

ಆ ದಿನ ಊಟದವರೆಗೂ ಮಾತಾಡಿದೆವು. ಸಂಜೆ ಬೀಗ ಹಾಕಿ ಮನೆಗೆ ನಡೆದೆ. ಅಳು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಗಂಟಲು ನೋಯುತ್ತಿತ್ತು. ನನ್ನ ಗಂಡ ಹೋದ ಮೇಲೆ ಒಂದೇ ದಿನ ಅಷ್ಟು ಮಾತಾಡಿದ್ದು ಅದೇ ಮೊದಲು.