ಅತ್ತೆಯ ಹಂಚು, ನನ್ನ ನಿಂಬೆ ನೀರು

ನನಗೊಂದು ಚಟ ಅಂಟಿಕೊಂಡಿದೆ. ಹಿಂಡಿದ ನಿಂಬೆಹಣ್ಣಿನ ಸಿಪ್ಪೆಯನ್ನು ಬಿಸಾಡಲು ನನ್ನಿಂದಾಗುವುದಿಲ್ಲ. ನಮ್ಮ ಮನೆಯದು ಸಾಲದೆಂದು ಓಣಿಯವರದ್ದನ್ನೂ ಕೇಳಿ ತರುತ್ತೇನೆ. ಮದುವೆಗೆ ಹೋದರೆ ಉಳಿದವರು ಮದುಮಗಳ ಸೀರೆ ನೋಡುತ್ತಾರೆ, ನಾನು ಶರಬತ್ತಿನ ಸಿಪ್ಪೆ ಯಾವ ಬುಟ್ಟಿಗೆ ಬಿತ್ತು ಅಂತ ನೋಡುತ್ತೇನೆ. ಒಮ್ಮೆ ಲಕ್ಕಲಕಟ್ಟಿಯ ಮದುವೆಯಿಂದ ಒಂದು ಚೀಲ ಸಿಪ್ಪೆ ಹೊತ್ತು ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತ ಅಜ್ಜಿ, "ಉಪ್ಪಿನಕಾಯಿಗೇನವಾ?" ಅಂತ ಕೇಳಿದಳು. "ಅಲ್ರಿ, ಭಾಂಡಿ ತಿಕ್ಕಾಕ" ಅಂದೆ. ನಮ್ಮೂರು ರೋಣ ಬರುವವರೆಗೂ ಆಕೆ ಮತ್ತೆ ನನ್ನ ಕಡೆ ತಿರುಗಲಿಲ್ಲ.

ನಾನು ಗಜೇಂದ್ರಗಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆಮ್ಲ, ಕ್ಷಾರ ಎಂದು ಹಲಗೆಯ ಮೇಲೆ ಬರೆದು ಬರೆದು ಕೈ ನೊಂದ ಮೇಲೆ, ಅವನ್ನು ಮನೆಯ ಅಡುಗೆಮನೆಯಲ್ಲೇ ಯಾಕೆ ದುಡಿಸಬಾರದು ಅನ್ನಿಸಿತು. ಅಂಗಡಿಯ ನೊರೆಪುಡಿಗಳಿಂದ ಕೈ ಬೆರಳು ಸಿಪ್ಪೆ ಏಳುತ್ತಿದ್ದವು, ಬಚ್ಚಲ ನೀರು ಹೋಗಿ ಬೀಳುವ ಕರಿಬೇವಿನ ಗಿಡವೂ ಮುಖ ಬಾಡಿಸಿಕೊಂಡಿತ್ತು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಮೂರು ಪಾಲು ಸಿಪ್ಪೆ, ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು. ಬಾಟಲಿಯಲ್ಲಿ ತುಂಬಿ ಮೂರು ತಿಂಗಳು ಕಾಯಬೇಕು. ಅದು ಒಳಗೊಳಗೇ ಹುಳಿತು ಗಾಳಿ ಬಿಡುವುದರಿಂದ ಮೊದಮೊದಲು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಬೇಕು. ಮುಂಜಾನೆ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲೂ ನಾನು ಸಾಲಾಗಿಟ್ಟ ಬಾಟಲಿಗಳ ಮುಂದೆ ಕೂತು ಒಂದೊಂದರದೇ ಮುಚ್ಚಳ ತಿರುವಿ 'ಸುಸ್' ಅನ್ನಿಸುತ್ತಿದ್ದೆ. ನಮ್ಮ ಅತ್ತೆ ಗಂಗವ್ವನವರು ಜಗಲಿಯಿಂದಲೇ ಇದನ್ನು ನೋಡಿ, "ಕೂಸಿಗೆ ತೇಗ ತಗಸಿದಂಗ ತಗಸ್ತಿಯಲ್ಲವಾ! ಹಾಲನೂ ಕುಡಸ್ತಿಯೇನು?" ಅನ್ನುತ್ತಿದ್ದರು.

ಅತ್ತೆಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಅವರು ಹುಟ್ಟಿದಾಗಿನಿಂದ ಬಚ್ಚಲೊಲೆಯ ಬೂದಿಯಲ್ಲಿ ಭಾಂಡೆ ತಿಕ್ಕಿದವರು, ಹುಣಸೆಹಣ್ಣಿನಲ್ಲಿ ತಂಬಿಗೆ ಬೆಳಗಿದವರು. ನಾನು ಅಂಟುವಾಳಕಾಯಿ ಕುದಿಸಿ ನೊರೆ ಬರಿಸಿ, "ಇದರಾಗ ಸಪೋನಿನ್ ಅಂತ ಒಂದು ಐತ್ರಿ ಅತ್ತಿ" ಎಂದು ವಿವರಿಸಿದರೆ, "ಇರವಲ್ದ್ಯಾಕ, ನಮಗೇನ ತ್ರಾಸ ಕೊಡ್ತೈತಿ?" ಎಂದು ಎದ್ದು ಹೋಗುತ್ತಿದ್ದರು. ಬೂದಿಯ ಕ್ಷಾರಕ್ಕೆ ಜಿಡ್ಡು ಕರಗಿ ಸಾಬೂನಿನಂತಾಗುವ ಸಂಗತಿಯನ್ನು ನಾನು ಪುಸ್ತಕದಲ್ಲಿ ಓದಿ ಕಲಿಯುವ ಹೊತ್ತಿಗೆ ಅವರು ಎಷ್ಟು ಸಾವಿರ ಭಾಂಡೆಗಳ ಜಿಡ್ಡು ಕರಗಿಸಿದ್ದರೋ. ಆದರೂ ಹೆಸರು ಗೊತ್ತಿದ್ದವರಿಗೆ ಒಂದು ಜಂಬವಿರುತ್ತದೆ, ನನಗೂ ಇತ್ತು.

ಆ ಜಂಬ ಇಳಿದದ್ದು ಪಂಚಮಿಯ ಹೊತ್ತಿಗೆ.

ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವುದಕ್ಕೆ ಮುಂಚೆ ರೊಟ್ಟಿ ಪಂಚಮಿ ಬರುತ್ತದೆ. ಅಂದು ಮನೆಮನೆಯಲ್ಲೂ ಜೋಳದ್ದು, ಸಜ್ಜೆಯದ್ದು ರಾಶಿ ರಾಶಿ ರೊಟ್ಟಿ ಬಡಿದು, ಪಲ್ಯ, ಚಟ್ನಿ ಇಟ್ಟು ಓಣಿಗೆಲ್ಲ ಬೀರುತ್ತಾರೆ. ಎಲ್ಲರ ಮನೆಯ ರೊಟ್ಟಿ ಎಲ್ಲರ ಮನೆಗೆ. ನೋಡಲು ಇದು ಕೊಡುಕೊಳ್ಳುವ ಹಬ್ಬ, ಒಳಗೆ ಪರೀಕ್ಷೆ. ಯಾರದು ದಪ್ಪ, ಯಾರದು ಸುಟ್ಟಿತು ಎಂದು ವರ್ಷವಿಡೀ ನೆನಪಿರುತ್ತದೆ. ಅತ್ತೆಯ ರೊಟ್ಟಿ ನಮ್ಮ ಓಣಿಗೆ ಮೊದಲನೆಯ ನಂಬರು. ಬೆಳಕಿಗೆ ಹಿಡಿದರೆ ಆಚೆ ನಿಂತವರ ನೆರಳು ಕಾಣಬೇಕು, ಅಷ್ಟು ತೆಳು. ನಾನು ನರಗುಂದದವಳಾದರೂ ರೊಟ್ಟಿ ತಿನ್ನುವುದರಲ್ಲಷ್ಟೇ ಪ್ರವೀಣೆ. ಮೊದಲು ಅವ್ವ ಬಡಿದಳು, ಆಮೇಲೆ ಅತ್ತೆ ಬಡಿದರು.

ಹಬ್ಬದ ಹಿಂದಿನ ದಿನ ಅತ್ತೆ ಜೋಳ ಹೊತ್ತು ಗಿರಣಿಗೆ ಹೋದರು. ಗಿರಣಿಯಲ್ಲಿ ಊರೇ ಪಾಳಿ ಹಚ್ಚಿತ್ತು. ನನಗೆ ಸಾಲೆ ಸೂಟಿ. ಮೂರು ತಿಂಗಳು ಕಾದ ನಿಂಬೆ ನೀರು ಅಂದೇ ಹದಕ್ಕೆ ಬಂದಿತ್ತು. ಕೈ ಸುಮ್ಮನಿರಲಿಲ್ಲ. ಡಬ್ಬಿ, ತಾಟು, ತಂಬಿಗೆ, ಒಲೆಯ ಹಿಂದಿನ ಗೋಡೆ ಎಲ್ಲ ಥಳಥಳ ಅಂದವು. ಆಗ ಮೊಳೆಗೆ ತೂಗುಬಿದ್ದಿದ್ದ ರೊಟ್ಟಿಯ ಹಂಚು ಕಣ್ಣಿಗೆ ಬಿತ್ತು. ಕಬ್ಬಿಣದ್ದು, ಇದ್ದಿಲಿನಷ್ಟು ಕಪ್ಪು. ಛೇ, ಇಷ್ಟು ವರ್ಷ ಇದನ್ನು ಯಾರೂ ತೊಳೆದೇ ಇಲ್ಲವಲ್ಲ ಎಂದು ಮರುಗಿದೆ. ನಿಂಬೆ ನೀರಿಗೆ ಹುಣಸೆಹಣ್ಣು ಕಿವುಚಿ ಅದರಲ್ಲಿ ನೆನೆಹಾಕಿ, ಬೂದಿಗೆ ಇಟ್ಟಂಗಿ ಪುಡಿ ಬೆರೆಸಿ ತೆಂಗಿನ ನಾರಿನಿಂದ ಮಧ್ಯಾಹ್ನವೆಲ್ಲ ತಿಕ್ಕಿದೆ. ಕರಿ ಪದರು ಪದರಾಗಿ ಎದ್ದು ಬಂತು. ಕೊನೆಗೆ ನನ್ನ ಮುಖ ಕಾಣುವಷ್ಟು ಬೆಳ್ಳಗಾಯಿತು. ಅತ್ತೆ ಒಳಗೆ ಬಂದ ಕೂಡಲೇ ಕಾಣಲಿ ಎಂದು ಬಾಗಿಲಿನ ಎದುರಿಗೇ ತೂಗುಹಾಕಿ, ಹೊಗಳಿಕೆಗೆ ತಯಾರಾಗಿ ಕೂತೆ.

ಅತ್ತೆ ಬಂದರು. ತಲೆಯ ಮೇಲೆ ಹಿಟ್ಟಿನ ಬುಟ್ಟಿ, ಹುಬ್ಬಿಗೂ ಹಿಟ್ಟು.

"ನನ್ನ ಹಂಚ ಎಲ್ಲೈತಿ?"

"ನಿಮ್ಮ ಮುಂದನ ಐತಲ್ರಿ ಅತ್ತಿ!"

ಬುಟ್ಟಿ ಇಳಿಸಿ ಹತ್ತಿರ ಹೋದರು. ಬೆರಳಿನಿಂದ ಒಮ್ಮೆ ಮುಟ್ಟಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಹಂಚ ತೊಳಿಯೂದಲ್ಲವಾ, ವರಸೂದು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಗ ತಿಳಿಯಿತು. ಆ ಹಂಚನ್ನು ತವರೂರು ಮೆಣಸಗಿಯಲ್ಲಿ ಅವರ ಅವ್ವ ಮದುವೆಯಲ್ಲಿ ಕೊಟ್ಟಿದ್ದರು. ಅದರ ಮೇಲೆ ಅವ್ವನ ಕೈಯ ರೊಟ್ಟಿಗಳೂ ಬೆಂದಿದ್ದವು. ಮುಂದೆ ಹೊಳೆ ಏರಿ ತವರುಮನೆಯ ಗೋಡೆಗಳೂ ಸಾಮಾನುಗಳೂ ಹೋದಾಗ, ಅತ್ತೆಯ ಜೊತೆ ರೋಣಕ್ಕೆ ಬಂದಿದ್ದರಿಂದ ಇದೊಂದೇ ಉಳಿಯಿತು. ಆ ಕಪ್ಪು ಹೊಲಸಲ್ಲ, ಇಬ್ಬರು ಹೆಂಗಸರು ಹಿಟ್ಟು, ಬೆಂಕಿ, ಎಣ್ಣೆಯಲ್ಲಿ ದಿನವೂ ಕಟ್ಟಿದ ಪದರು. ಅದಿದ್ದರೇ ರೊಟ್ಟಿ ಹಂಚಿಗೆ ಅಂಟದೆ ಏಳುವುದು. ಹೊಳೆಗೂ ಸಿಗದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ತೊಳೆದು ಮೋರಿಗೆ ಬಿಟ್ಟಿದ್ದೆ. ಅತ್ತೆಯ ಪಕ್ಕದಲ್ಲಿ ಕೂತು ಚಿಕ್ಕ ಹುಡುಗಿಯಂತೆ ಅತ್ತುಬಿಟ್ಟೆ.

ಸುದ್ದಿ ತಿಳಿದು ಎದುರುಮನೆಯ ನಿಂಗವ್ವ ಓಡಿ ಬಂದಳು. "ಗಂಗಕ್ಕಾ, ನಮ್ಮ ಹಂಚ ಒಯ್ರಿ. ನಾಳೆ ರೊಟ್ಟಿ ನಿಲ್ಲಬಾರದು."

"ಬ್ಯಾಡ ನಿಂಗವ್ವಾ. ಇದಕ್ಕ ರೊಟ್ಟಿ ಬೇಯ್ಸೂದ ಮತ್ತ ಕಲಿಸ್ತೀವಿ" ಎಂದರು ಅತ್ತೆ. ನನ್ನ ಕಡೆ ತಿರುಗಿ, "ಅತ್ತಿದ್ದ ಸಾಕ. ಉಳ್ಳಾಗಡ್ಡಿ ತಾ, ಕುಸುಬಿ ಎಣ್ಣಿ ತಾ. ತಿಕ್ಕಿದಾಕಿ ನೀನು, ಒಲಿ ಮುಂದ ನೀನ ಕುಂದ್ರ" ಎಂದರು.

ಹಂಚು ಕಾಯಿಸುವುದು, ಹೆಚ್ಚಿದ ಉಳ್ಳಾಗಡ್ಡಿಗೆ ಎಣ್ಣೆ ಹಚ್ಚಿ ಉಜ್ಜುವುದು, ಹೊಗೆ ಎಬ್ಬಿಸುವುದು, ಆರಿಸುವುದು, ಮತ್ತೆ ಕಾಯಿಸುವುದು. ಮರುದಿನ ಮುಂಜಾನೆ ಹಂಚು ಕಂದು ಬಣ್ಣಕ್ಕೆ ತಿರುಗಿತ್ತು. ಮೊದಲನೆಯ ರೊಟ್ಟಿ ಹಂಚನ್ನು ಬಿಟ್ಟು ಬರಲೊಲ್ಲದು. ಎರಡನೆಯದು ನಾಲ್ಕು ಚೂರಾಗಿ ಬಂತು. ಐದನೆಯದು ಅರ್ಧ ಬಂತು. ಹರಿದವನ್ನೆಲ್ಲ ಮೊಸರಿನಲ್ಲಿ ಅದ್ದಿ ನಮ್ಮ ಯಜಮಾನರು ಖುಷಿಯಿಂದ ತಿನ್ನುತ್ತ, "ಇನ್ನೊಂದೆರಡು ಹರಿಯಲಿ" ಎಂದು ಹಾರೈಸಿದರು. ಹನ್ನೊಂದನೆಯದು ಇಡಿಯಾಗಿ ಎದ್ದು ಉಬ್ಬಿತು. ನಾನೂ ಅತ್ತೆಯೂ ಒಟ್ಟಿಗೆ ಕೂಗಿದೆವು.

ಅಂದು ನಮ್ಮ ಮನೆಯಿಂದ ಎರಡು ನಮೂನೆಯ ರೊಟ್ಟಿ ಓಣಿಗೆ ಹೋದವು. ತೆಳುವಾದವು ಅತ್ತೆಯವು, ನಕ್ಷೆಯಲ್ಲಿನ ದೇಶಗಳಂತಿದ್ದವು ನನ್ನವು. ಬೆಳ್ಳಗಾದ ಹಂಚು ನೋಡಲು ಬಂದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಗುವಾಗ ಒಬ್ಬೊಬ್ಬರೇ ನನ್ನ ಹತ್ತಿರ ಬಂದು ಮೆಲ್ಲಗೆ, "ತಂಬಿಗಿಗೆ ಅಷ್ಟ ಬೇಕಾಗಿತ್ತವಾ, ಒಂದ ಬಾಟ್ಲಿ ಕೊಡ" ಎಂದು ನಿಂಬೆ ನೀರು ಒಯ್ದರು. ಕರಿಬೇವಿನ ಗಿಡವೂ ಈಗ ಚಿಗುರಿದೆ.

ಅಂದಿನಿಂದ ಸಂಜೆಯ ರೊಟ್ಟಿ ನನ್ನ ಪಾಲಿಗೆ ಬಂದಿದೆ. ಬಡಿದ ಸಪ್ಪಳ ಕೇಳಿಯೇ ಅತ್ತೆ ಜಗಲಿಯಿಂದ ತಿದ್ದುತ್ತಾರೆ. ಹಂಚು ದಿನದಿನಕ್ಕೆ ಕಪ್ಪಾಯಿತು. ಒಂದು ಸಂಜೆ ಅದನ್ನು ಬಟ್ಟೆಯಿಂದ ಒರೆಸುತ್ತ ಅತ್ತೆ, "ಅವ್ವನ ಕರಿ ಹೋತು, ನಂದೂ ಹೋತು. ಈಗ ಇದರ ಮ್ಯಾಲೆ ಇರೂದು ನಿಂದ" ಎಂದು ನನ್ನ ಕೈಗಿಟ್ಟರು. ನಾನು ಅದನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದೆ.

ಮೊನ್ನೆ ನಮ್ಮವರಿಗೆ ಇದ್ದಕ್ಕಿದ್ದಂತೆ ಮನೆಗೆಲಸದ ಹುರುಪು ಬಂತು. ನನ್ನ ಬಾಟಲಿ, ತೆಂಗಿನ ನಾರು ಹಿಡಿದು ಅಡುಗೆಮನೆ ಹೊಕ್ಕು, "ಏನಿದು, ಇಷ್ಟ ಕರ್ರಗ ಆಗೈತಿ?" ಎಂದು ಮೊಳೆಗೆ ಕೈ ಹಾಕಿದರು.

"ಏಯ್, ಅದನ್ನ ಮುಟ್ಟಬ್ಯಾಡ್ರಿ!"

ಕೂಗು ಓಣಿಗೆಲ್ಲ ಕೇಳಿತು. ಅವರು ಗಾಬರಿಯಿಂದ ತಮ್ಮ ಅವ್ವನ ಕಡೆ ತಿರುಗಿದರು. ಅತ್ತೆ ಜಗಲಿಯ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಕೂಗಿದವಳು ನಾನು.